ತೋಟದ ಆ ತುದಿಯಿಂದ ಈ ತುದಿಗೆ: ನಮ್ಮ ಮನೆಯವರ ಮಹಾಯಾತ್ರೆ

ಪ್ರವಾಸ ಅಂದರೆ ಅಪ್ಪನಿಗೆ ಪಟ್ಟಿ ಬೇಕು. ಎಷ್ಟು ಗಂಟೆಗೆ ಎಲ್ಲಿ, ಯಾರ ಬ್ಯಾಗಿನಲ್ಲಿ ಏನು, ಎಲ್ಲವೂ ಬರೆದಿರಬೇಕು. ಈ ಪ್ರವಾಸಕ್ಕೆ ಮಾತ್ರ ಪಟ್ಟಿ ಇರಲಿಲ್ಲ. ಹೊರಡುತ್ತೇವೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಹೊರಟಿದ್ದು ಹಿತ್ತಲ ಬೇಲಿಯಿಂದ. ಸೇರಬೇಕಾದದ್ದು ಮನೆಯ ಹಿಂಬಾಗಿಲಿನ ಮೆಟ್ಟಿಲು. ನಡುವೆ ಇದ್ದದ್ದು 20 ಮೀಟರ್.

ಇದಕ್ಕೆಲ್ಲ ಕಾರಣ ನನ್ನ ತಮ್ಮ ಪುಟ್ಟ. ಅವನು ಅಟ್ಟದಿಂದ ಅಜ್ಜನ ದುರ್ಬೀನು ಇಳಿಸಿದ್ದ. ಅಜ್ಜ ಕೈಯಾರೆ ಮಾಡಿದ ಸಾಮಾನುಗಳು ತಮ್ಮ ಕೆಲಸವನ್ನು ಸ್ವಲ್ಪ ಜಾಸ್ತಿಯೇ ಮಾಡುತ್ತವೆ. ಅದಕ್ಕೇ ಅವು ಅಟ್ಟದಲ್ಲಿ ಇರುವುದು. ದುರ್ಬೀನನ್ನು ತಿರುಗಿಸಿ ಹಿಡಿದರೆ ಎಲ್ಲವೂ ಸಣ್ಣದಾಗಿ ಕಾಣುತ್ತದೆ, ಅಲ್ವಾ? ಅಜ್ಜನ ದುರ್ಬೀನಿನಲ್ಲಿ ಬರೀ ಕಾಣುವುದಿಲ್ಲ, ಆಗಿಯೇ ಬಿಡುತ್ತದೆ. ಪುಟ್ಟ ಅದನ್ನು ಉಲ್ಟಾ ಹಿಡಿದು ಬೇಲಿಗೆ ಒರಗಿಸಿದ್ದ ಹಳೇ ಕನ್ನಡಿಯೊಳಗೆ ನೋಡಿದ. ಕನ್ನಡಿಯಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡ ಅಪ್ಪ, ಕುರ್ಚಿಯಲ್ಲಿ ಕೂತ ಅಜ್ಜಿ, ನಾನು, ಅವನು, ಎಲ್ಲರೂ ಇದ್ದೆವು. ಟಪ್!

ಹುಲ್ಲಿನಲ್ಲಿ ನನ್ನ ಶಾಲೆಯ ಸ್ಕೇಲು ಬಿದ್ದಿತ್ತು. ಅಪ್ಪ ಅದರ ಪಕ್ಕ ನಿಂತ. 4 ಮಿಲಿಮೀಟರ್! ಆರಡಿ ಅಪ್ಪ 450 ಪಟ್ಟು ಕುಗ್ಗಿದ್ದ. ಅಂದರೆ 20 ಮೀಟರ್ ತೋಟ ನಮ್ಮ ಕಾಲಿಗೆ 9 ಕಿಲೋಮೀಟರ್ ಕಾಡು. ದುರ್ಬೀನು ಪುಟ್ಟನ ಕೈಜಾರಿ ಬಕೆಟ್ ನೀರಿನಲ್ಲಿ ಮುಳುಗಿತ್ತು. ಅಮ್ಮ ಆಫೀಸ್ ಕೆಲಸದ ಮೇಲೆ ಹೊರಗೆ ಹೋಗಿದ್ದಳು, ಸದ್ಯಕ್ಕೆ ಬರುವವಳಲ್ಲ.

"ಮೆಟ್ಟಿಲ ಮೇಲೆ ನನ್ನ ಭೂತಗನ್ನಡಿ ಇದೆ. ಅದನ್ನೂ ನಿಮ್ಮಜ್ಜನೇ ಮಾಡಿದ್ದು" ಅಂದಳು ಅಜ್ಜಿ.

ನಮ್ಮ ಮನೆಯ ಪೇಪರು ಮಧ್ಯಾಹ್ನದ ಹೊತ್ತಿಗೆ ಚಾಪೆಯಷ್ಟು ಅಗಲ ಆಗುವುದು ಯಾಕೆ ಅಂತ ನನಗೆ ಆಗ ಹೊಳೆಯಿತು.

ಮೊದಲ ದಿನ

ದಾರಿ ಯಾವ ಕಡೆ ಅಂತ ನೋಡಲು ಅಪ್ಪ ಒಂದು ಹುಲ್ಲುಕಡ್ಡಿ ಹತ್ತಿದ. 5 ಸೆಂಟಿಮೀಟರ್ ಹುಲ್ಲು ನಮಗೆ ಏಳು ಮಹಡಿ ಕಟ್ಟಡ. ತುದಿಗೆ ಹೋಗಿ "ಮನೆ ಕಾಣಿಸ್ತಿದೆ!" ಅಂದ, ಬಿದ್ದ.

ನಾವು ಕಿರುಚಿದೆವು. ಅಪ್ಪನೂ ಕಿರುಚಿದ. ಆದರೆ ಬೀಳುವುದು ಎಷ್ಟು ನಿಧಾನ ಅಂದರೆ, ಅವನಿಗೆ ಎರಡನೇ ಸಲ ಉಸಿರು ಎಳೆದುಕೊಂಡು ಮತ್ತೆ ಕಿರುಚಲು ಸಮಯ ಸಿಕ್ಕಿತು. ಕೆಳಗೆ ಬಂದು ಧೂಳು ಕೊಡವಿಕೊಂಡು ಎದ್ದ. ಏನೂ ಆಗಿರಲಿಲ್ಲ. ಉದ್ದ ಹತ್ತು ಪಟ್ಟು ಕುಗ್ಗಿದರೆ ಚರ್ಮದ ವಿಸ್ತೀರ್ಣ ನೂರು ಪಟ್ಟು ಕುಗ್ಗುತ್ತದೆ, ತೂಕ ಮಾತ್ರ ಸಾವಿರ ಪಟ್ಟು. ಹಾಗಾಗಿ ಸಣ್ಣವರನ್ನು ಗಾಳಿಯೇ ಹಿಡಿದುಕೊಳ್ಳುತ್ತದೆ. ಇರುವೆ ಮಾಳಿಗೆಯಿಂದ ಬಿದ್ದರೂ ಎದ್ದು ನಡೆಯುವುದು ಇದಕ್ಕೇ. ಇದು ತಿಳಿದ ಮೇಲೆ ಪುಟ್ಟ ಕಂಡ ಕಂಡ ಗಿಡ ಹತ್ತಿ ಹಾರಿದ. ಅವನು ಬರುವವರೆಗೆ ನಾವು ಕಾಯಬೇಕು. ಅವತ್ತು ಹೋದದ್ದು ಸ್ವಲ್ಪವೇ.

ಇನ್ನೊಂದು ತೊಂದರೆ ಹಸಿವು. ಸಣ್ಣ ಮೈ ಬೇಗ ಬಿಸಿ ಕಳೆದುಕೊಳ್ಳುತ್ತದೆ, ಅದಕ್ಕೆ ಜಾಸ್ತಿ ತಿನ್ನಬೇಕು. ಮೂಗಿಲಿ ಹಗಲೂ ರಾತ್ರಿ ತಿನ್ನುತ್ತಲೇ ಇರುವುದು ಹೊಟ್ಟೆಬಾಕತನಕ್ಕಲ್ಲ, ಬದುಕಿರುವುದಕ್ಕೆ. ಅಪ್ಪನ ಬ್ಯಾಗಿನ ಬಿಸ್ಕತ್ತು ಸಂಜೆಯೊಳಗೆ ಖಾಲಿ.

ಎರಡನೇ ದಿನ

ಬೆಳಿಗ್ಗೆ ದಾರಿಗೆ ಅಡ್ಡವಾಗಿ ಒಬ್ಬಳು ಇರುವೆ ನಿಂತಿದ್ದಳು. ಕೆಲಸದ ಇರುವೆಗಳೆಲ್ಲ ಹೆಣ್ಣೇ. ಕುದುರೆಯಷ್ಟು ದೊಡ್ಡವಳು.

"ವಾಸನೆ ತೋರಿಸಿ" ಅಂದಳು.

ಸಣ್ಣವರಾದ ಮೇಲೆ ಸಣ್ಣವರ ಮಾತು ಅರ್ಥವಾಗುತ್ತದೆ. ಆದರೆ ಇರುವೆಗಳಿಗೆ ಮಾತಿನ ಮೇಲೆ ನಂಬಿಕೆ ಕಡಿಮೆ. ಯಾವ ಗೂಡಿನವರು, ದಾರಿ ಎಲ್ಲಿ, ಅಪಾಯ ಇದೆಯಾ, ಎಲ್ಲವೂ ವಾಸನೆಯಲ್ಲೇ ತೀರ್ಮಾನ. ಮೀಸೆ ಆಡಿಸಿ ಅಜ್ಜಿಯನ್ನು ಮೂಸಿದಳು. ನನ್ನನ್ನು, ಪುಟ್ಟನನ್ನು ಮೂಸಿದಳು. ಅಪ್ಪನ ತಲೆ ಮೂಸಿದವಳೇ "ಅಯ್ಯೋ ಪಾಪ" ಅಂದಳು. "ಸತ್ತು ಎಷ್ಟು ದಿನ ಆಯ್ತು?"

"ನಾನಾ?" ಅಂದ ಅಪ್ಪ.

ಅವಳು ಅಪ್ಪನನ್ನು ಕಚ್ಚಿ ಎತ್ತಿಕೊಂಡು ಹೊರಟೇಬಿಟ್ಟಳು. ಅಪ್ಪ ಕೈಕಾಲು ಬಡಿದ. ಅಜ್ಜಿ ಹಿಂದೆ ಓಡಿದಳು. "ಏನಮ್ಮಾ, ಅವನು ಒದೀತಿದ್ದಾನಲ್ಲ! ಮಾತಾಡ್ತಿದ್ದಾನಲ್ಲ!"

"ಒದೀಲಿ ಅಜ್ಜೀ, ನನ್ನದೇನೂ ಅಭ್ಯಂತರ ಇಲ್ಲ. ವಾಸನೆ ಸತ್ತಿರೋ ವಾಸನೆ. ನಾನು ವಾಸನೆ ನಂಬ್ತೀನಿ."

ಕಸದ ಗುಡ್ಡೆಯ ಮೇಲೆ, ಒಣಗಿದ ಕಾಲುಗಳ ಮಧ್ಯೆ, ಅಪ್ಪನನ್ನು ಮರ್ಯಾದೆಯಿಂದಲೇ ಮಲಗಿಸಿದಳು. ಅಪ್ಪ ಎದ್ದು ಬಂದ. ಇನ್ನೊಬ್ಬಳು ಇರುವೆ ಮೂಸಿದಳು, ಹೊತ್ತುಕೊಂಡು ವಾಪಸ್ ಹಾಕಿದಳು. ಮತ್ತೆ ಬಂದ. ಮೂರನೆಯವಳು ಬೈದುಕೊಂಡೇ ಹೊತ್ತಳು: "ಇದೆಂಥ ಹೆಣ, ಒಂದು ಕಡೆ ನಿಲ್ಲಲ್ಲ."

ಇದಕ್ಕೆ ಇರುವೆಗಳನ್ನು ಬೈದು ಪ್ರಯೋಜನವಿಲ್ಲ. ಸತ್ತ ಇರುವೆಯ ಮೈಯಲ್ಲಿ ಒಂದೆರಡು ದಿನಕ್ಕೆ ಓಲಿಯಿಕ್ ಆಮ್ಲ ಅನ್ನುವ ವಸ್ತು ಸೇರುತ್ತದೆ. 1958ರಲ್ಲಿ ಎಡ್ವರ್ಡ್ ವಿಲ್ಸನ್ ಎಂಬ ವಿಜ್ಞಾನಿಯೂ ಜೊತೆಗಾರರೂ ಅದನ್ನು ಬದುಕಿರುವ ಇರುವೆಗಳಿಗೇ ಹಚ್ಚಿ ನೋಡಿದರು. ಉಳಿದ ಇರುವೆಗಳು ಅವನ್ನು ಜೀವಂತ ಎತ್ತಿಕೊಂಡು ಹೋಗಿ ಕಸಕ್ಕೆ ಹಾಕಿದವು. ಮೈ ಉಜ್ಜಿ ಸ್ವಚ್ಛ ಮಾಡಿಕೊಳ್ಳುವವರೆಗೂ ಬಿಡಲಿಲ್ಲ. ಈ ಆಮ್ಲ ಬಹಳಷ್ಟು ಎಣ್ಣೆಗಳಲ್ಲೂ ಇರುತ್ತದೆ. ಅಪ್ಪ ತಲೆಗೆ ಎಣ್ಣೆ ಹಾಕಿಕೊಂಡಿದ್ದ.

"ಸ್ವಲ್ಪ ಕಡಿಮೆ ಹಾಕ್ಕೋ ಅಂತ ಚಿಕ್ಕಂದಿನಿಂದ ಹೇಳ್ತಾ ಬಂದಿದ್ದೀನಿ" ಅಂದಳು ಅಜ್ಜಿ.

ತೊಳೆಯೋಣ ಅಂತ ಒಂದು ಇಬ್ಬನಿ ಹನಿಗೆ ಅಪ್ಪನ ತಲೆ ಒತ್ತಿದೆವು. ಅದು ಇನ್ನೊಂದು ಪೇಚಾಟ. ಈ ಗಾತ್ರದಲ್ಲಿ ನೀರು ಹರಿಯುವುದಿಲ್ಲ, ಅಂಟುತ್ತದೆ. ಹನಿ ಗಪ್ಪನೆ ಅಪ್ಪನನ್ನು ಒಳಗೆ ಎಳೆದುಕೊಂಡಿತು. ಅಪ್ಪ ಗಾಜಿನ ಗೋಲಿಯೊಳಗೆ ನಿಂತಹಾಗೆ ಕಣ್ಣು ಕಣ್ಣು ಬಿಡುತ್ತಿದ್ದ. ಎಣ್ಣೆ ಮಾತ್ರ ಹೋಗಲಿಲ್ಲ. ಕಾಲು ಹಿಡಿದು ಹೊರಗೆಳೆದು, ಕೊನೆಗೆ ಒಣ ಮಣ್ಣು ಹಾಕಿ ಉಜ್ಜಿದ ಮೇಲೆ ನಾಲ್ಕನೇ ಇರುವೆ ಮೂಸಿ "ಪರವಾಗಿಲ್ಲ, ಬದುಕಿದೆ" ಅಂದಳು. ಅಪ್ಪನಿಗೆ ಯಾವ ಪರೀಕ್ಷೆ ಪಾಸಾದಾಗಲೂ ಇಷ್ಟು ಖುಷಿ ಆಗಿರಲಿಲ್ಲವಂತೆ.

ತಪ್ಪಾಯಿತು ಅಂತ ಇರುವೆಗಳು ನಮಗೆ ಊಟ ಕೊಟ್ಟರು. ಇರುವೆಗಳಿಗೆ ಹೊಟ್ಟೆ ಎರಡು. ಒಂದು ತಮಗೆ, ಇನ್ನೊಂದು ಹಂಚುವುದಕ್ಕೆ. ಆ ಎರಡನೇ ಹೊಟ್ಟೆಯಿಂದ ಬಾಯಿಗೆ ತಂದು, ಬಾಯಿಂದ ಬಾಯಿಗೆ ಕೊಡುತ್ತಾರೆ. ಅಜ್ಜಿ ಕೈ ಮುಗಿದು "ಈಗ ತಾನೇ ಆಯ್ತಮ್ಮ" ಅಂದಳು. ಸರಿ, ದನದ ಕೊಟ್ಟಿಗೆಯ ಥರ ಸಸ್ಯಹೇನು ಸಾಕಿದ್ದ ಕಡೆ ಕರೆದುಕೊಂಡು ಹೋದರು. ಹೇನುಗಳು ಗಿಡದ ರಸ ಹೀರಿ ಸಿಹಿ ಹನಿ ಬಿಡುತ್ತವೆ. ಹೊಟ್ಟೆ ತುಂಬ ಕುಡಿದೆವು. ಅದು ಹೇನಿನ ಯಾವ ಕಡೆಯಿಂದ ಬರುತ್ತದೆ ಅಂತ ಪುಟ್ಟ ಕುಡಿದಾದ ಮೇಲೆ ಕೇಳಿದ. ಸದ್ಯ.

ಮೂರನೇ ದಿನ

ಅಜ್ಜಿಗೆ ಕಾಲು ನೋವು. ಕುರ್ಚಿಯನ್ನು ಅಪ್ಪ ತಲೆ ಮೇಲೆ ಹೊತ್ತಿದ್ದ, ಅಜ್ಜಿಯನ್ನೂ ಸೇರಿಸಿ ಹೊರಲು ಒಪ್ಪಲಿಲ್ಲ. ಅಷ್ಟರಲ್ಲಿ ಬಸವನಹುಳು ಸಿಕ್ಕಿತು. 3 ಸೆಂಟಿಮೀಟರ್ ಹುಳು ನಮಗೆ ದೊಡ್ಡ ಬಸ್ಸಿನಷ್ಟು. ಅದರ ಚಿಪ್ಪಿನ ಮೇಲೆ ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸಿದೆವು.

ನಿಜ ಹೇಳಬೇಕೆಂದರೆ ನಡೆದರೇ ಬೇಗ. ಅದು ಸೆಕೆಂಡಿಗೆ ಒಂದು ಮಿಲಿಮೀಟರ್ ಹೋಗುತ್ತಿತ್ತು. ಪುಟ್ಟ ಮುಂದೆ ಓಡಿ, ಒಂದು ನಿದ್ದೆ ಮಾಡಿ, ಎದ್ದು ನಮ್ಮನ್ನು ಸ್ವಾಗತಿಸುತ್ತಿದ್ದ. ಆದರೆ ಮುಳ್ಳು, ಕಲ್ಲಿನ ಚೂಪು ಅಂಚು ಯಾವುದನ್ನೂ ಅದು ಲೆಕ್ಕಿಸುವುದಿಲ್ಲ. ತನ್ನ ಲೋಳೆ ತಾನೇ ಹಾಸಿಕೊಂಡು ಅದರ ಮೇಲೆ ಜಾರುತ್ತದೆ. ಕೊಂಬಿನ ತುದಿಯ ಕಣ್ಣನ್ನು ಹಿಂದಕ್ಕೆ ತಿರುಗಿಸಿ ದಾರಿಯುದ್ದಕ್ಕೂ ಅಜ್ಜಿಯ ಜೊತೆ ಹರಟೆ.

"ನಿಮಗೆ ಹಲ್ಲೆಷ್ಟು?" ಅಂತ ಕೇಳಿತು.

"ಆರು ಉಳಿದಿವೆ. ನಿನಗೆ?"

"ಸಾವಿರಾರು. ನಾಲಿಗೆ ಮೇಲೆ ಸಾಲು ಸಾಲಾಗಿ. ಸವೆದರೆ ಹೊಸದು ಬರುತ್ತೆ."

ಅಜ್ಜಿ ಸುಮಾರು ಹೊತ್ತು ಮಾತಾಡಲಿಲ್ಲ.

ಆಮೇಲೆ ಅಪ್ಪನ ಹೆಣದ ಕಥೆ ಬಂತು. ಬಸವನಹುಳು ನಗಲಿಲ್ಲ. "ನಮ್ಮ ಬಳಗದಲ್ಲೂ ಹೀಗೇ ಒಬ್ಬರಿಗೆ ಆಗಿತ್ತು" ಅಂದಿತು. 1846ರಲ್ಲಿ ಈಜಿಪ್ಟಿನ ಮರುಭೂಮಿಯ ಒಂದು ಬಸವನಹುಳುವನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನವರು ಬರೀ ಚಿಪ್ಪು ಅಂದುಕೊಂಡು ಕಾರ್ಡಿಗೆ ಅಂಟಿಸಿಟ್ಟರು. 1850ರಲ್ಲಿ ಯಾರೋ ನೋಡುತ್ತಾರೆ, ಕಾರ್ಡಿನ ಮೇಲೆ ಲೋಳೆ ಕಲೆ! ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಹುಳು ಹೊರಗೆ ಬಂತು. ನಾಲ್ಕು ವರ್ಷ ಸುಮ್ನೆ ಬಾಗಿಲು ಹಾಕಿಕೊಂಡು ಮಲಗಿತ್ತು, ಅಷ್ಟೆ. ಅಪ್ಪನ ಕಣ್ಣಲ್ಲಿ ನೀರು ಬಂತು. "ನಿಮ್ಮವರ ಕಷ್ಟ ನನಗೆ ಅರ್ಥ ಆಗುತ್ತೆ" ಅಂದ.

ಬಿಸಿಲು ಏರಿದ ಕೂಡಲೇ ನಮ್ಮ ಬಸ್ಸು "ಮಳೆ ಬಂದರೆ ಎಬ್ಬಿಸಿ" ಅಂದು ಒಳಗೆ ಸೇರಿ, ಬಾಗಿಲಿಗೆ ಲೋಳೆಯ ಪರದೆ ಎಳೆದುಕೊಂಡಿತು. ಅಜ್ಜಿ ಚಿಪ್ಪು ತಟ್ಟಿ ತಟ್ಟಿ ಕರೆದಳು. ಏಳಲಿಲ್ಲ. ಅಪ್ಪ ಕುರ್ಚಿ ಎತ್ತಿ ತಲೆಗೆ ಹಾಕಿಕೊಂಡ.

ನಾಲ್ಕನೇ ದಿನ

ಮಳೆ. ಸಣ್ಣ ಹನಿಯೇ ನನ್ನ ಸೊಂಟದವರೆಗೆ ಬರುವ ನೀರಿನ ಚೆಂಡು, ದೊಡ್ಡದು ಅಪ್ಪನಿಗಿಂತ ಎತ್ತರ. ಎಲೆಯಡಿ ಕೂತಿದ್ದಾಗ ಒಂದು ಸೊಳ್ಳೆ ಪಕ್ಕಕ್ಕೆ ಬಂದು ಕೂತಿತು. ಅದರ ತೂಕ ಸುಮಾರು 2 ಮಿಲಿಗ್ರಾಂ, ಅಪ್ಪನ ಎರಡರಷ್ಟು. ದೊಡ್ಡ ಹನಿ ಅದರ 50 ಪಟ್ಟು ಭಾರ ಇರಬಹುದು. "ಸಾಯಲ್ವಾ ನೀನು?" ಅಂದ ಪುಟ್ಟ. "ತಡೆದು ನಿಂತರೆ ತಾನೇ ಪೆಟ್ಟು? ಹನಿ ಬಿದ್ದರೆ ಅದರ ಜೊತೆ ಒಂದಷ್ಟು ದೂರ ಕೆಳಗೆ ಹೋಗಿ, ಪಕ್ಕಕ್ಕೆ ಜಾರಿಕೊಳ್ತೀನಿ" ಅಂದಿತು. ಬುದ್ಧಿವಂತ ಪ್ರಾಣಿ. ಹೋಗುವಾಗ ಅಜ್ಜಿಯ ಕಡೆ ನೋಡಿದ ನೋಟ ಮಾತ್ರ ನನಗೆ ಹಿಡಿಸಲಿಲ್ಲ.

ಮಳೆ ನಿಂತ ಮೇಲೆ ಪಾಚಿಯ ಗುಡ್ಡ ಹತ್ತಿದೆವು. ಅಲ್ಲಿ ಪುಟ್ಟನಿಗೆ ಗುಂಡ ಸಿಕ್ಕಿದ.

ಗುಂಡ ನೀರುಕರಡಿ. ಅರ್ಧ ಮಿಲಿಮೀಟರ್ ಉದ್ದ, ಎಂಟು ಮೊಂಡು ಕಾಲು, ಕಾಲಿಗೆಲ್ಲ ಉಗುರು, ಗುಂಡು ಮೈ. ನಮ್ಮ ಅಳತೆಗೆ ನಾಯಿಮರಿ. ಕರೆದರೆ ಬರುವುದಿಲ್ಲ, ಬಾಲ ಇಲ್ಲ, ಬೊಗಳುವುದೂ ಇಲ್ಲ. ಆದರೂ ಪುಟ್ಟ ಅದನ್ನು ಎತ್ತಿಕೊಂಡವನು ಇಳಿಸಲೇ ಇಲ್ಲ. "ಅಮ್ಮನ್ನ ಕೇಳಬೇಕು" ಅಂದ ಅಪ್ಪ. ಮನೆಯಲ್ಲಿ ಅಪ್ಪ ಯಾವಾಗಲೂ ಹೇಳುವುದು ಇದನ್ನೇ.

ಐದನೇ ದಿನ

ಪಾಚಿ ಮುಗಿದ ಮೇಲೆ ಮರಳು. ನೆರಳಿಲ್ಲ. ಮಧ್ಯಾಹ್ನದ ಹೊತ್ತಿಗೆ ಗುಂಡ ಸುಕ್ಕಿದ. ಕಾಲುಗಳನ್ನು ಒಳಗೆಳೆದುಕೊಂಡ. ಕೊನೆಗೆ ಪುಟ್ಟನ ಕೈಯಲ್ಲಿ ಉಳಿದದ್ದು ಒಣಗಿದ ಒಂದು ಉಂಡೆ.

ಪುಟ್ಟ ಅಳುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಇದು ಆ ಥರದ್ದಲ್ಲ. ಸದ್ದೇ ಇರಲಿಲ್ಲ.

ಅಪ್ಪ ಮೊಣಕಾಲೂರಿ ಆ ಉಂಡೆಯನ್ನು ಎಲ್ಲ ಕಡೆಯಿಂದ ನೋಡಿದ. "ಸತ್ತಿಲ್ಲ" ಅಂದ. "ಈ ವಿಷಯದಲ್ಲಿ ನನಗೆ ಅನುಭವ ಇದೆ."

ಅವನು ಹೇಳಿದ್ದು ಸರಿ. ನೀರುಕರಡಿ ಒಣಗಿದರೆ ಸಾಯುವುದಿಲ್ಲ, ಎಲ್ಲ ಕೆಲಸ ನಿಲ್ಲಿಸಿ ಕಾಯುತ್ತದೆ. 2007ರಲ್ಲಿ ಹೀಗೆ ಒಣಗಿದ ನೀರುಕರಡಿಗಳನ್ನು ಉಪಗ್ರಹದಲ್ಲಿ ಬಾಹ್ಯಾಕಾಶಕ್ಕೆ ಕಳಿಸಿ, ಗಾಳಿಯೇ ಇಲ್ಲದ ಕಡೆ ಹತ್ತು ದಿನ ಬಿಟ್ಟಿದ್ದರು. ವಾಪಸ್ ತಂದು ನೀರು ಹಾಕಿದಾಗ ಎಷ್ಟೋ ಎದ್ದು ಓಡಾಡಿದವು. ಅಂಟಾರ್ಕ್ಟಿಕಾದ ಪಾಚಿಯ ಜೊತೆ 30 ವರ್ಷ ಹಿಮಪೆಟ್ಟಿಗೆಯಲ್ಲಿದ್ದು ಎದ್ದು, ಆಮೇಲೆ ಮೊಟ್ಟೆ ಇಟ್ಟದ್ದೂ ಇದೆ. ನೀರು ಸಿಗುವವರೆಗೆ ಗುಂಡನನ್ನು ಅಜ್ಜಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

ಇದೇ ಮಾತಿನಲ್ಲಿ ಮೈಮರೆತು ಹೋಗುತ್ತಿದ್ದಾಗ ಕಾಲಡಿಯ ಮರಳು ಜಾರಿತು. ನಾವು ಮೂವರು ಅಂಚು ಹಿಡಿದುಕೊಂಡೆವು. ಅಪ್ಪ ಕುರ್ಚಿ ಸಮೇತ ಲಾಳಿಕೆಯಂಥ ಗುಂಡಿಯೊಳಗೆ ಇಳಿದ. ತಳದಲ್ಲಿ ಎರಡು ಕೊಕ್ಕೆಗಳು ತೆರೆದುಕೊಂಡವು. ಇರುವೆ ಸಿಂಹ!

ಹೆಸರಿಗೆ ಸಿಂಹ, ನೋಡಲು ಧೂಳು ಮೆತ್ತಿದ ಹುಳು. ನಡೆಯುವುದು ಹಿಂದಕ್ಕೆ. ಅಪ್ಪ ಹತ್ತಲು ನೋಡಿದಾಗಲೆಲ್ಲ ತಲೆಯಿಂದ ಮರಳು ಚಿಮ್ಮಿ ಕೆಡವುತ್ತಿತ್ತು.

ಹೊತ್ತು ತಳ್ಳಲು ಅಪ್ಪ ಮಾತಿಗೆ ಎಳೆದ. "ಹೇಗಿದ್ದೀರಿ? ಆರೋಗ್ಯ?"

"ಏನು ಹೇಳಲಿ" ಅಂದಿತು ಸಿಂಹ. "ಎರಡು ವರ್ಷದಿಂದ ಕಕ್ಕಸಿಗೆ ಹೋಗಿಲ್ಲ."

ಮೇಲೆ ಪುಟ್ಟ ಬಿದ್ದು ಬಿದ್ದು ನಕ್ಕ. ಗುಂಡಿಯೊಳಗೇ ಬೀಳುತ್ತಿದ್ದ, ನಾನು ಅಂಗಿ ಹಿಡಿದುಕೊಂಡೆ. ಆದರೆ ಸಿಂಹ ಹೇಳಿದ್ದು ಸುಳ್ಳಲ್ಲ. ಮರಿಯಾಗಿರುವಷ್ಟು ಕಾಲ ಅದರ ಹೊಟ್ಟೆಯ ಕಸಕ್ಕೆ ಹೊರದಾರಿ ಇರುವುದಿಲ್ಲ. ರೆಕ್ಕೆ ಬಂದು, ಏರೋಪ್ಲೇನ್ ಚಿಟ್ಟೆಯ ಥರ ಆದ ಮೇಲೆಯೇ ಎಲ್ಲವೂ ಒಟ್ಟಿಗೆ.

ನಗು ಕೇಳಿ ಸಿಂಹಕ್ಕೆ ಸಿಟ್ಟು ಬಂತು. ಕೊಕ್ಕೆ ಹಾಕಿತು. ಸಿಕ್ಕಿದ್ದು ಅಪ್ಪ ಅಲ್ಲ, ಕುರ್ಚಿಯ ಕಾಲು. ಅದು ಬೇಟೆಯನ್ನು ಅಗಿಯುವುದಿಲ್ಲ, ಒಳಗಿನ ರಸ ಹೀರಿ ಸಿಪ್ಪೆಯನ್ನು ಗುಂಡಿಯಿಂದ ಆಚೆ ಎಸೆಯುತ್ತದೆ. ಕುರ್ಚಿಯನ್ನು ಹೀರಿತು. ಹೀರಿತು. "ಥೂ, ಖಾಲಿ!" ಅಂತ ತಲೆ ಕೊಡವಿ ಎಸೆಯಿತು. ಕುರ್ಚಿಯನ್ನು ಅಪ್ಪಿಕೊಂಡಿದ್ದ ಅಪ್ಪನೂ ನಮ್ಮ ತಲೆ ಮೇಲಿಂದ ಹಾರಿ ಆಚೆ ಬಿದ್ದ. ಆ ಕುರ್ಚಿಯನ್ನು ಬಿಟ್ಟುಬಿಡು ಅಂತ ನಾನು ಎಷ್ಟೋ ಸಲ ಹೇಳಿದ್ದೆ. ಆಮೇಲೆ ಹೇಳಲಿಲ್ಲ.

ರಾತ್ರಿ ಇಬ್ಬನಿ ಬಿದ್ದಾಗ ಅಜ್ಜಿ ಗಂಟು ಬಿಚ್ಚಿ ಉಂಡೆಯನ್ನು ಒಂದು ಹನಿಯೊಳಗೆ ಒತ್ತಿದಳು. ಕಾದೆವು. ಅಪ್ಪ ನಿದ್ದೆ ಹೋದ. ನಾನೂ ತೂಕಡಿಸುತ್ತಿದ್ದೆ. "ಕಾಲು! ಒಂದು ಕಾಲು ಬಂತು!" ಅಂತ ಪುಟ್ಟ ಕೂಗಿದ. ಆಮೇಲೆ ಎಂಟೂ ಬಂದವು.

ಆರನೇ ದಿನ

ಮುಂದೆ ಮನೆಯ ಮೆಟ್ಟಿಲು. ನಮಗೆ ಅದು ನೆಟ್ಟಗಿನ ಬಂಡೆ ಬೆಟ್ಟ. ಬುಡದ ಹುಲ್ಲಿನ ತುದಿಯಲ್ಲಿ ಜೇಡರ ಮರಿಗಳ ಗುಂಪೊಂದು ಮನೆ ಬಿಟ್ಟು ಹೊರಡುತ್ತಿತ್ತು. ಎಂಟೂ ಕಾಲಿನ ತುದಿಯಲ್ಲಿ ನಿಂತು, ಹಿಂಭಾಗ ಮೇಲೆತ್ತಿ, ಎಳೆ ಬಿಡುವುದು. ಗಾಳಿ ಎಳೆಯನ್ನು ಎತ್ತುತ್ತದೆ, ಜೇಡ ಹಾರುತ್ತದೆ. 1832ರಲ್ಲಿ ಚಾರ್ಲ್ಸ್ ಡಾರ್ವಿನ್ ಇದ್ದ ಬೀಗಲ್ ಹಡಗಿಗೆ, ದಡದಿಂದ ನೂರು ಕಿಲೋಮೀಟರಿನಷ್ಟು ದೂರದ ಸಮುದ್ರದಲ್ಲಿ, ಸಾವಿರಾರು ಪುಟ್ಟ ಜೇಡಗಳು ಹೀಗೇ ಬಂದು ಇಳಿದಿದ್ದವು. ಗಾಳಿ ಮಾತ್ರವಲ್ಲ, ವಾತಾವರಣದ ವಿದ್ಯುತ್ತೂ ಎಳೆಯನ್ನು ಮೇಲಕ್ಕೆ ಸೆಳೆಯಬಲ್ಲದು ಅಂತ 2018ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ.

ಅಪ್ಪನ ತೂಕ ಈಗ ಒಂದು ಮಿಲಿಗ್ರಾಮಿಗಿಂತ ಕಡಿಮೆ. ಜೇಡ ಮರಿಯೊಂದು ನಮ್ಮೆಲ್ಲರ ಸೊಂಟಕ್ಕೂ ಒಂದೊಂದು ಎಳೆ ಕಟ್ಟಿಕೊಟ್ಟಿತು. "ತುದಿಗಾಲಲ್ಲಿ ನಿಲ್ಲಿ. ಹಿಂಭಾಗ ಮೇಲೆ" ಅಂದಿತು. ಅಪ್ಪ ಹೇಳಿದಂತೆ ಮಾಡಿದ. ಹಾಗೆ ಮಾಡುವ ಅಗತ್ಯ ನಮಗೆ ಇರಲೇ ಇಲ್ಲ, ಎಳೆ ಮೊದಲೇ ಕಟ್ಟಿಯಾಗಿತ್ತು. ಆದರೂ ಯಾರೂ ಹೇಳಲಿಲ್ಲ. ನೋಡಲು ಚೆನ್ನಾಗಿತ್ತು.

ಹಾರಿದೆವು. ಕೆಳಗೆ ಇಡೀ ತೋಟ ಕಂಡಿತು. ಸಿಂಹದ ಗುಂಡಿ, ಪಾಚಿ ಗುಡ್ಡ, ಇನ್ನೂ ಮಲಗಿದ್ದ ನಮ್ಮ ಬಸ್ಸು. ಮಳೆ ಬಂದಾಗ ಅದನ್ನು ಎಬ್ಬಿಸಲು ಮರೆತೇಹೋಗಿತ್ತು. ಅಜ್ಜಿ ಒಂದು ಕೈಯಲ್ಲಿ ಗುಂಡನನ್ನು, ಇನ್ನೊಂದರಲ್ಲಿ ಸೆರಗನ್ನು ಹಿಡಿದು, ನೇರವಾಗಿ ಭೂತಗನ್ನಡಿಯ ಮೇಲೆಯೇ ಇಳಿದಳು. ನಾವು ಅದರ ಕೆಳಗಿದ್ದ ಪೇಪರಿನ ಮೇಲೆ.

ಆ ಗಾಜು ಐದು ಪಟ್ಟು ದೊಡ್ಡದು ಮಾಡುತ್ತದೆ. ಅಜ್ಜಿ ಮೇಲಿಂದ ನಮ್ಮನ್ನು ನೋಡಿದಳು, ಅಪ್ಪ 2 ಸೆಂಟಿಮೀಟರ್ ಆದ. ನಾವು ಹತ್ತಿ ಅಜ್ಜಿಯನ್ನು ನೋಡಿದೆವು. ಹೀಗೆ ಸರದಿಯಲ್ಲಿ 10 ಸೆಂಟಿಮೀಟರ್, ಆಮೇಲೆ 50. ಅಲ್ಲಿ ಲೆಕ್ಕ ಕೈಕೊಟ್ಟಿತು. ಕುಗ್ಗಿದ್ದು 450 ಪಟ್ಟು. ಮೂರು ಸಲಕ್ಕೆ 125 ಪಟ್ಟು, ನಾಲ್ಕು ಸಲಕ್ಕೆ 625. ಅಪ್ಪ ಅರ್ಧ ಮೀಟರ್ ಆಗಿರಬೇಕು, ಇಲ್ಲ ಎರಡೂವರೆ ಮೀಟರ್. ನಡುವೆ ಏನೂ ಇಲ್ಲ.

"ದೊಡ್ಡದೇ ಇರಲಿ, ಇನ್ನು ಯಾರ ಹೆಣವೂ ಆಗಲಾರೆ" ಅಂದ ಅಪ್ಪ.

ಎರಡೂವರೆ ಮೀಟರ್ ಅಪ್ಪ ಬಾಗಿಲಿಗೆ ತಲೆ ಹೊಡೆದುಕೊಂಡ. ಆಗ ನನಗೆ ವಿಜ್ಞಾನದ ಪಾಠ ನೆನಪಾಯಿತು. ಭೂತಗನ್ನಡಿಯನ್ನು ದೂರ ಹಿಡಿದು ದೂರದ ವಸ್ತು ನೋಡಿದರೆ ಅದು ಸಣ್ಣದಾಗಿ ಕಾಣುತ್ತದೆ. ಅಪ್ಪನನ್ನು ಹಿಂದೆ ಸರಿಸಿ ನಿಲ್ಲಿಸಿ ನೋಡಿದೆ. ಸಣ್ಣವನಾದ, ತಲೆಕೆಳಗಾದ. ಗಾಜು ಹಾಗೆಯೇ ತೋರಿಸುವುದು, ನಾನೇನು ಮಾಡಲಿ? ಇನ್ನೊಮ್ಮೆ ನೋಡಿದೆ. ಇನ್ನೂ ಸ್ವಲ್ಪ ಸಣ್ಣವನಾಗಿ ನೆಟ್ಟಗೆ ನಿಂತ. ಎಷ್ಟು ದೂರ ನಿಲ್ಲಿಸಬೇಕು ಅಂತ ಸರಿಯಾಗಿ ಹಿಡಿತಕ್ಕೆ ಬರುವವರೆಗೆ ಅಪ್ಪ ಬಹಳ ಸಲ ಕೈ ಮೇಲೆ ನಿಂತ.

ನಾನೂ ಪುಟ್ಟನೂ ಹಾಗೆಯೇ ಸರಿಹೋದೆವು. ಅಜ್ಜಿ ಬೇಡ ಅಂದಳು. ಅವಳು ಈಗ ಎರಡು ಮೀಟರಿಗಿಂತ ಎತ್ತರ. ಅಡುಗೆಮನೆಯ ಮೇಲಿನ ಕಪಾಟಿನಿಂದ ಯಾರನ್ನೂ ಕರೆಯದೆ ಡಬ್ಬ ಇಳಿಸುತ್ತಾಳೆ.

ಮರುದಿನ ಅಮ್ಮ ಬಂದಳು. ಅಜ್ಜಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಬಚ್ಚಲಿಗೆ ಹೋದಳು. ಅಲ್ಲಿ ಬಕೆಟ್ಟಿನಲ್ಲಿ 31 ಸೆಂಟಿಮೀಟರ್ ಉದ್ದದ ಗುಂಡ ಎಂಟು ಕಾಲು ಆಡಿಸುತ್ತಿದ್ದ.

"ಇದನ್ನು ಯಾರು ನೋಡ್ಕೊಳ್ತಾರೆ? ನಾವೆಲ್ಲ ಊರಿಗೆ ಹೋದರೆ?"

"ಒಣಗಿಸಿ ಕಪಾಟಲ್ಲಿ ಇಟ್ಟರಾಯ್ತಮ್ಮ" ಅಂದ ಪುಟ್ಟ. "ಬಂದ ಮೇಲೆ ನೀರು ಹಾಕೋದು. ಏನೂ ತೊಂದರೆ ಇಲ್ಲ."

ಅಮ್ಮ ಸ್ವಲ್ಪ ಯೋಚಿಸಿದಳು. ಆಮೇಲೆ ನಮ್ಮಿಬ್ಬರನ್ನೂ ನೋಡಿ, ಇದು ಮಕ್ಕಳಿಗೂ ಆಗುತ್ತಾ ಅಂತ ಅಪ್ಪನನ್ನು ಕೇಳಿದಳು.